ಶಾಸಕರ ಜೊತೆ ಕೂತು ಮಸೂದೆ ಬರೆಯುವುದು ಹೇಗೆ: ಕಾನೂನು ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಒಂದೇ ತಪ್ಪು ಮತ್ತೆ ಮತ್ತೆ ನಡೆಯುತ್ತಿದೆ. ನಾಲ್ಕನೇ ವರ್ಷದ ವಿದ್ಯಾರ್ಥಿಗಳು ಮೂರ್ನಾಲ್ಕು ಜನ ಸೇರುತ್ತಾರೆ. ಒಬ್ಬ ಶಾಸಕರನ್ನು ಒಪ್ಪಿಸುತ್ತಾರೆ. ತಿಂಗಳುಗಟ್ಟಲೆ ಕೂತು ಮೂವತ್ತು ಪುಟದ ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ಮಂಡಿಸುವ ಮಸೂದೆ) ತಯಾರಿಸುತ್ತಾರೆ. ಶಾಸಕರು ಎರಡು ಪುಟ ತಿರುವಿ, "ಇದನ್ನ ನಮ್ಮ ತಾಲ್ಲೂಕಲ್ಲಿ ಮಾಡೋದು ಯಾರಪ್ಪಾ?" ಎಂದು ಕೇಳುತ್ತಾರೆ. ಉತ್ತರ ಇರುವುದಿಲ್ಲ. ಆ ಫೈಲು ಪಿಎ ಅವರ ಡ್ರಾಯರ್ ಸೇರುತ್ತದೆ.

ಕಾಲೇಜಿನಲ್ಲಿ ನಾವು ಕಲಿಯುವ ಡ್ರಾಫ್ಟಿಂಗ್ ಬೇರೆ. ಅಲ್ಲಿ ವಾದಪತ್ರ, ಕ್ರಯಪತ್ರ, ನೋಟಿಸು ಬರೆಯುತ್ತೇವೆ. ಅವೆಲ್ಲ ಆಗಿಹೋದ ಸಂಗತಿಯ ಮೇಲೆ ನಿಂತಿರುತ್ತವೆ. ಮಸೂದೆ ಇನ್ನೂ ಆಗದ ಸಂಗತಿಗೆ ಬರೆದಿಡುವ ಆಜ್ಞೆ. ಯಾವುದೋ ಕಚೇರಿಯ ಒಬ್ಬ ಗುಮಾಸ್ತ ನಾಳೆ ಬೆಳಗ್ಗೆ ಅದನ್ನು ಓದಿ ಕೆಲಸ ಶುರುಮಾಡಬೇಕು. ಅವನನ್ನು ಎದುರಿಗೆ ಇಟ್ಟುಕೊಂಡು ಬರೆದರೆ ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲ.

ಇಲ್ಲಿ ಇಡೀ ದಾರಿಗೆ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ. ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ಖಾಲಿ ಮಾಡಿದ ಮೇಲೆ ಠೇವಣಿ ವಾಪಸ್ ಬರುವುದಿಲ್ಲ. ಬಹುಪಾಲು ವಿದ್ಯಾರ್ಥಿಗಳಿಗೆ ಇದರ ಅನುಭವ ಇದೆ, ಅಲ್ವಾ? ಇದನ್ನು ಸರಿಪಡಿಸಲು ಕರ್ನಾಟಕ ವಿಧಾನಮಂಡಲದಲ್ಲಿ ಒಂದು ಮಸೂದೆ ತರಬೇಕು ಎಂದುಕೊಳ್ಳೋಣ.

## ಶುರುಮಾಡುವ ಮೊದಲು ಮೇಜಿನ ಮೇಲೆ ಏನಿರಬೇಕು

ಸಂವಿಧಾನದ ಪುಸ್ತಕ, ಕಾನೂನು ಮಾಡುವ ವಿಷಯಗಳನ್ನು ಕೇಂದ್ರ ಮತ್ತು ರಾಜ್ಯಗಳಿಗೆ ಹಂಚುವ ಏಳನೇ ಅನುಸೂಚಿ ಇರುವ ಪುಟಕ್ಕೆ ಗುರುತು ಹಾಕಿ. ನಿಮ್ಮ ಶಾಸಕರು ಇರುವ ಸದನದ ಕಾರ್ಯವಿಧಾನ ಮತ್ತು ನಡವಳಿಕೆಯ ನಿಯಮಗಳು. ವಿಧಾನಸಭೆಗೆ ಬೇರೆ, ವಿಧಾನಪರಿಷತ್ತಿಗೆ ಬೇರೆ. 1899ರ ಕರ್ನಾಟಕ ಜನರಲ್ ಕ್ಲಾಸಸ್ ಕಾಯ್ದೆ. ಇದನ್ನು ಯಾರೂ ತೆಗೆದು ನೋಡುವುದಿಲ್ಲ, ಆದರೆ ನಿಮ್ಮ ಅರ್ಧ ಪರಿಭಾಷೆಗಳು, ಅಂದರೆ ಪದಗಳ ಅರ್ಥಗಳು, ಇದರಲ್ಲೇ ಇವೆ.

ಇತ್ತೀಚೆಗೆ ಮಂಡನೆಯಾದ ಮೂರು ನಾಲ್ಕು ಸರ್ಕಾರಿ ಮಸೂದೆಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರಿಂಟ್ ತೆಗೆಸಿ. ರಾಜ್ಯದ ಕಾಯ್ದೆಗಳ ಪಠ್ಯ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಫಾರ್ಮ್ಯಾಟ್, ಅಂಕಿ ಹಾಕುವ ರೀತಿ, ಪರಂತುಕ (ವಿನಾಯಿತಿ ಹೇಳುವ "ಪರಂತು" ವಾಕ್ಯ) ಬರೆಯುವ ರೀತಿ ಎಲ್ಲವನ್ನೂ ಅದರಿಂದಲೇ ಕಲಿಯಿರಿ. ಬೇರೆ ದೇಶದ ಮಾದರಿ ಮಸೂದೆಯನ್ನು ಮುಂದಿಟ್ಟುಕೊಂಡು ಕೂತರೆ ಇಲ್ಲಿನ ಕಣ್ಣಿಗೆ ಅದು ಕೂಡಲೇ ಹೊರಗಿನದು ಎಂದು ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಕಾಡುವ ವಿಷಯ: ನುಡಿ ತಂತ್ರಾಂಶ. ಸರ್ಕಾರಿ ಕಚೇರಿಗಳಲ್ಲಿ ಹಳೆಯ ನುಡಿ ಫಾಂಟಿನ ಫೈಲುಗಳು ಈಗಲೂ ಓಡಾಡುತ್ತವೆ. ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿದ್ದು ಅಲ್ಲಿ ಒತ್ತಕ್ಷರ ಕಳೆದುಕೊಂಡು ತೆರೆದುಕೊಳ್ಳಬಹುದು. ಫೈಲಿನ ಜೊತೆ ಪಿಡಿಎಫ್ ಮತ್ತು ಒಂದು ಪ್ರಿಂಟ್ ಪ್ರತಿ ಕಡ್ಡಾಯ.

## ಹಂತ 1: ಶಾಸಕರಿಂದ ಸಮಸ್ಯೆ ತೆಗೆದುಕೊಳ್ಳಿ, ಪರಿಹಾರ ಬೇಡ

ಮೊದಲ ಭೇಟಿಗೆ ಡ್ರಾಫ್ಟ್ ಒಯ್ಯಬೇಡಿ. ಖಾಲಿ ನೋಟ್‌ಬುಕ್ ಒಯ್ಯಿರಿ. ಶಾಸಕರು ಸಾಮಾನ್ಯವಾಗಿ ಪರಿಹಾರದಿಂದಲೇ ಮಾತು ಶುರುಮಾಡುತ್ತಾರೆ. "ಒಂದು ಕಠಿಣ ಕಾನೂನು ತರಬೇಕು ನೋಡಿ" ಎನ್ನುತ್ತಾರೆ. ಅದನ್ನು ಬರೆದುಕೊಂಡು, ಮೆಲ್ಲಗೆ ಹಿಂದಕ್ಕೆ ಕರೆದುಕೊಂಡು ಹೋಗಿ. ದೂರು ತಂದವರು ಯಾರು? ಅವರು ಮೊದಲು ಯಾವ ಕಚೇರಿಗೆ ಹೋದರು? ಅಲ್ಲಿ ಏನು ಹೇಳಿ ಕಳಿಸಿದರು? "ನಮಗೆ ಅಧಿಕಾರ ಇಲ್ಲ" ಎಂದರೋ, "ಅರ್ಜಿ ಕೊಡಿ, ನೋಡೋಣ" ಎಂದರೋ? ಈ ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಮೊದಲನೆಯದು ಕಾನೂನಿನ ಕೊರತೆ. ಎರಡನೆಯದು ಅಧಿಕಾರಿಯ ಉದಾಸೀನ. ಎರಡನೆಯದಕ್ಕೆ ಹೊಸ ಕಾಯ್ದೆ ಬರೆದರೆ, ಅದೇ ಅಧಿಕಾರಿ ಅದನ್ನೂ ಪಕ್ಕಕ್ಕೆ ಇಡುತ್ತಾನೆ.

ಯಾರ ಬಳಿ ಹೋಗಬೇಕು ಎನ್ನುವುದೂ ಮುಖ್ಯ. ವಿಧಾನಸಭೆಯಲ್ಲಿ 224 ಸದಸ್ಯರಿದ್ದಾರೆ, ಪರಿಷತ್ತಿನಲ್ಲಿ 75. ಪರಿಷತ್ತಿನ 75ರಲ್ಲಿ 7 ಜನ ಪದವೀಧರ ಕ್ಷೇತ್ರದಿಂದ, 7 ಜನ ಶಿಕ್ಷಕರ ಕ್ಷೇತ್ರದಿಂದ ಬರುತ್ತಾರೆ. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳು ಮೊದಲು ಬಾಗಿಲು ತಟ್ಟಬೇಕಾದ್ದು ಇವರದ್ದು. ವಿಧಾನಸಭಾ ಸದಸ್ಯರ ಮನೆ ಮುಂದೆ ಬೆಳಗ್ಗೆ ಆರಕ್ಕೇ ರಸ್ತೆ, ಚರಂಡಿ, ವರ್ಗಾವಣೆ ಅಂತ ಜನ ನಿಂತಿರುತ್ತಾರೆ. ಮಸೂದೆ ಓದಲು ಅವರಿಗೆ ಬಿಡುವು ಕಮ್ಮಿ.

ಭೇಟಿ ಮುಗಿದ ದಿನವೇ ಒಂದು ಪುಟ ಬರೆದು ಶಾಸಕರಿಗೆ ತೋರಿಸಿ, "ಸರ್, ನೀವು ಹೇಳಿದ್ದು ಇದೇ ತಾನೇ?" ಎಂದು ಕೇಳಿ. ಇದೇ ಹೊತ್ತಿಗೆ ಇನ್ನೊಂದು ಮಾತೂ ಆಗಿಬಿಡಲಿ. ಮಸೂದೆ ಶಾಸಕರ ಹೆಸರಿನಲ್ಲಿ ಹೋಗುತ್ತದೆ, ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ. ಮಂಡನೆಗೆ ಮೊದಲು ನೀವು ಅದನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕುವಂತಿಲ್ಲ. ಇದು ಒಪ್ಪಿಗೆಯಾಗದಿದ್ದರೆ ಇಲ್ಲೇ ಕೈಮುಗಿದು ಎದ್ದು ಬನ್ನಿ.

ಎಚ್ಚರಿಕೆಯ ಸೂಚನೆ: ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಹೇಳಲು ಆಗದಿದ್ದರೆ ನಿಮಗೆ ಅದು ಇನ್ನೂ ಸಿಕ್ಕಿಲ್ಲ. "ಪಿಜಿಗಳ ಸಮಗ್ರ ನಿಯಂತ್ರಣ" ಎನ್ನುವುದು ಸಮಸ್ಯೆಯ ಹೆಸರಲ್ಲ. "ರೂಮು ಬಿಟ್ಟ ಮೇಲೆ ಠೇವಣಿ ವಾಪಸ್ ಕೊಡಲು ಗಡುವಿಲ್ಲ, ಕೊಡದಿದ್ದರೆ ಹತ್ತಿರದಲ್ಲಿ ಕೇಳುವವರಿಲ್ಲ" ಎನ್ನುವುದು ಸಮಸ್ಯೆ.

## ಹಂತ 2: ಈಗಾಗಲೇ ಏನಿದೆ ಎಂದು ಹುಡುಕಿ

ಇದಕ್ಕೆ ಎರಡು ವಾರವಾದರೂ ಬೇಕು. ನಮ್ಮ ಉದಾಹರಣೆಯಲ್ಲಿ ಮೊದಲು ನೆನಪಾಗುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಪಿಜಿಯಲ್ಲಿ ಇರುವವನು ಬಾಡಿಗೆದಾರನೇ? ಮಂಚವೊಂದನ್ನು ಬಳಸಲು ಸಿಕ್ಕ ಅನುಮತಿಗೂ, ಮನೆಯ ಸ್ವಾಧೀನ ಸಿಗುವ ಗೇಣಿಗೂ ವ್ಯತ್ಯಾಸ ಇದೆ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಪ್ರಕರಣ (ಸೆಕ್ಷನ್) ಹೇಳುವ ಲೈಸೆನ್ಸ್ ಅಂದರೆ ಇಂಥ ಅನುಮತಿ. ಗೇಣಿಗೂ ಲೈಸೆನ್ಸಿಗೂ ಇರುವ ವ್ಯತ್ಯಾಸ ಹೇಳಿದ 1959ರ ಅಸೋಸಿಯೇಟೆಡ್ ಹೋಟೆಲ್ಸ್ ತೀರ್ಪನ್ನು ನೀವು ಓದಿಯೇ ಇರುತ್ತೀರಿ. ಅದನ್ನು ಈಗ ಪರೀಕ್ಷೆಗಲ್ಲದೆ ಕೆಲಸಕ್ಕೆ ಓದಿ. ಪಿಜಿ ವಾಸಿ ಬಹುಮಟ್ಟಿಗೆ ಲೈಸೆನ್ಸಿ. ಹಾಗಾಗಿ ಬಾಡಿಗೆ ಕಾಯ್ದೆ ಅವನನ್ನು ಮುಟ್ಟುವುದು ಕಷ್ಟ. ನಿಮ್ಮ ಮಸೂದೆಗೆ ಜಾಗ ಇರುವುದು ಇಲ್ಲೇ.

ಉಳಿದದ್ದನ್ನೂ ಪಟ್ಟಿ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಆದರೆ ಎಂಟು ಸಾವಿರ ರೂಪಾಯಿಗೆ ಯಾರು ಅಲೆಯುತ್ತಾರೆ? ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ತಾನಾಗಿ ಕಾನೂನು ಮಾಡಿಕೊಳ್ಳದಿದ್ದರೆ ಅದಕ್ಕೆ ಬಲವಿಲ್ಲ. ಪಾಲಿಕೆಗಳು ಕೊಡುವ ಉದ್ದಿಮೆ ಪರವಾನಗಿಯ ಷರತ್ತುಗಳನ್ನೂ ನೋಡಿ.

ಇಲ್ಲಿ ಆಗುವ ದೊಡ್ಡ ತಪ್ಪು ಹಳೆಯ ಪಠ್ಯ ನಂಬುವುದು. ಬೆಂಗಳೂರಿನ ಬಗ್ಗೆ ಬರೆಯುವವರು ಈಗಲೂ 2020ರ ಬಿಬಿಎಂಪಿ ಕಾಯ್ದೆಯನ್ನು ಉಲ್ಲೇಖಿಸುತ್ತಾರೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರಲ್ಲಿ ಜಾರಿಗೆ ಬಂದಾಗಿದೆ, ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾಗಿವೆ. ದಂಡ ಸಂಹಿತೆಯದ್ದೂ ಇದೇ ಕಥೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಐಪಿಸಿ ಪ್ರಕರಣ ಸಂಖ್ಯೆ ಇರುವ ಡ್ರಾಫ್ಟ್ ಕಂಡರೆ ಓದುವವರು ಅಲ್ಲೇ ಮುಚ್ಚಿಡುತ್ತಾರೆ.

ಎಐ ಕೈಲಿ ಬರೆಸಿ ತಂದವರ ಡ್ರಾಫ್ಟಿನಲ್ಲಿ ಇಲ್ಲದ ತೀರ್ಪುಗಳೂ ಇರುತ್ತವೆ. ಪ್ರತಿಯೊಂದು ಉಲ್ಲೇಖವನ್ನೂ ಮೂಲದಲ್ಲಿ ತೆರೆದು ನೋಡಿ. ಇದಕ್ಕೆ ಅಡ್ಡದಾರಿ ಇಲ್ಲ.

ಹುಡುಕಾಟದ ಕೊನೆಗೆ ನಿಮಗೆ ನೀವೇ ಕೇಳಿಕೊಳ್ಳಿ: ಇದಕ್ಕೆ ಕಾಯ್ದೆಯೇ ಬೇಕಾ? ಒಂದು ನಿಯಮಕ್ಕೆ ತಿದ್ದುಪಡಿ, ಒಂದು ಸುತ್ತೋಲೆ, ಸದನದಲ್ಲಿ ಒಂದು ಪ್ರಶ್ನೆ ಸಾಕಾಗುವುದಿಲ್ಲವಾ? ಸಾಕು ಅನ್ನಿಸಿದರೆ ಶಾಸಕರಿಗೆ ನೇರವಾಗಿ ಹೇಳಿ. ಮಸೂದೆ ಬರೆಯುವ ಆಸೆ ನಿಮಗೆ ಇತ್ತು ಎನ್ನುವುದು ಕಾಯ್ದೆಗೆ ಕಾರಣವಾಗುವುದಿಲ್ಲ.

## ಹಂತ 3: ರಾಜ್ಯಕ್ಕೆ ಅಧಿಕಾರ ಇದೆಯಾ, ನೋಡಿ

ಜಾಸ್ತಿ ಮಸೂದೆಗಳು ಸಾಯುವುದು ಇಲ್ಲಿ. ಏಳನೇ ಅನುಸೂಚಿಯ ಮೂರು ಪಟ್ಟಿಗಳನ್ನು (ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ ಸಮವರ್ತಿ) ಎದುರಿಗಿಟ್ಟು ನಿಮ್ಮ ವಿಷಯ ಯಾವ ನಮೂದಿನಡಿ ಬರುತ್ತದೆ ಎಂದು ಬೆರಳಿಟ್ಟು ತೋರಿಸಬೇಕು.

ವಿದ್ಯಾರ್ಥಿಗಳು ನೇರವಾಗಿ ರಾಜ್ಯಪಟ್ಟಿಯ 18ನೇ ನಮೂದಿಗೆ ಹೋಗುತ್ತಾರೆ. ಅಲ್ಲಿ "ಜಮೀನು" ಇದೆ, "ಭೂಮಾಲೀಕ ಮತ್ತು ಗೇಣಿದಾರರ ಸಂಬಂಧ" ಎಂದೂ ಇದೆ. ಸಿಕ್ಕಿತು ಎಂದುಕೊಳ್ಳುತ್ತಾರೆ. ಅದೇ ಬಲೆ. ಕಟ್ಟಡದ ಬಾಡಿಗೆ ವಿಷಯವನ್ನು ಸುಪ್ರೀಂ ಕೋರ್ಟ್ ಸಮವರ್ತಿ ಪಟ್ಟಿಯ 6, 7 ಮತ್ತು 46ನೇ ನಮೂದುಗಳ ಕಡೆಗೆ ತಳ್ಳಿದೆ. 1969ರ ಇಂದುಭೂಷಣ್ ಬೋಸ್ ತೀರ್ಪಿನಿಂದ ಓದಲು ಶುರುಮಾಡಿ.

ಪಿಜಿಗೆ ಇನ್ನೊಂದು ಬಾಗಿಲಿದೆ. ರಾಜ್ಯಪಟ್ಟಿಯ 31ನೇ ನಮೂದು: ವಸತಿಗೃಹಗಳು ಮತ್ತು ಅವನ್ನು ನಡೆಸುವವರು. ಒಂದೇ ಸಾಲಿನ, ಯಾರೂ ಕಣ್ಣೆತ್ತಿ ನೋಡದ ನಮೂದು. ಹಣ ಪಡೆದು ಊಟ, ಮಂಚ ಕೊಡುವ ಜಾಗ ಇದರೊಳಗೆ ಬರುತ್ತದೆ ಎಂದು ಗಟ್ಟಿಯಾಗಿ ವಾದಿಸಬಹುದು. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಮೊದಲ ನೆಲೆ ರಾಜ್ಯಪಟ್ಟಿಯ 31 ಆಗಲಿ. ಅದು ಬಿದ್ದರೆ ಹಿಡಿದುಕೊಳ್ಳಲು ಸಮವರ್ತಿ ಪಟ್ಟಿಯ 7, ಅಂದರೆ ಕರಾರುಗಳು.

ಸಮವರ್ತಿ ಪಟ್ಟಿಗೆ ಕಾಲಿಟ್ಟ ಕೂಡಲೇ 254ನೇ ಅನುಚ್ಛೇದ ಎದುರಾಗುತ್ತದೆ. ಕೇಂದ್ರದ ಕಾಯ್ದೆಗೆ ವಿರುದ್ಧವಾದ ಭಾಗ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಮಸೂದೆ ರಾಷ್ಟ್ರಪತಿಯವರ ಅಂಕಿತಕ್ಕೆ ಹೋಗಿ ಬರಬೇಕು. ಅದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು. ಆದ್ದರಿಂದ 1872ರ ಕರಾರು ಕಾಯ್ದೆಯ ಜೊತೆ ನಿಮ್ಮ ಪ್ರತಿ ಪ್ರಕರಣವನ್ನೂ ಅಕ್ಕಪಕ್ಕ ಇಟ್ಟು ಡಿಕ್ಕಿ ಎಲ್ಲಿದೆ ನೋಡಿ. ಡಿಕ್ಕಿ ಇದ್ದರೆ ಶಾಸಕರಿಗೆ ಮೊದಲೇ ತಿಳಿಸಿ.

ನಮೂದಿನ ಪದ ಕಂಡಿತು ಎಂದು ಸಮಾಧಾನ ಪಡುವುದು ಎಷ್ಟು ಅಪಾಯ ಎನ್ನಲು ನಮ್ಮದೇ ರಾಜ್ಯದ ಉದಾಹರಣೆ ಇದೆ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. ಆಧಾರ: ರಾಜ್ಯಪಟ್ಟಿಯ 34, ಪಣ ಮತ್ತು ಜೂಜು. ಕೌಶಲದ ಆಟ ಜೂಜಲ್ಲ ಎಂದು ಹೇಳಿ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತೆಗೆದುಹಾಕಿತು. ಅದು ಸರ್ಕಾರದ ಪರಿಣತ ಡ್ರಾಫ್ಟ್. ನಿಮ್ಮದು ನಾಲ್ಕನೇ ವರ್ಷದವರ ಡ್ರಾಫ್ಟ್.

### ಹಣದ ಪ್ರಶ್ನೆ

ಪ್ರತಿ ವಿದ್ಯಾರ್ಥಿ ಮಸೂದೆಯಲ್ಲೂ ಒಂದು ಪ್ರಾಧಿಕಾರ ಇರುತ್ತದೆ. ಒಬ್ಬ ಅಧ್ಯಕ್ಷ, ಐದು ಸದಸ್ಯರು, ಒಂದು ನಿಧಿ. ಯಾಕೆ ಈ ಮೋಹ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ! ಹೊಸ ಪ್ರಾಧಿಕಾರ ಅಂದರೆ ಸಂಬಳ, ಕಟ್ಟಡ, ಕಾರು. ಅದೆಲ್ಲ ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಬರಬೇಕು. ಆಗ 207ನೇ ಅನುಚ್ಛೇದದ 3ನೇ ಖಂಡ ಎದ್ದು ನಿಲ್ಲುತ್ತದೆ: ರಾಜ್ಯಪಾಲರು ಶಿಫಾರಸು ಮಾಡದೆ ಸದನ ಅದನ್ನು ಅಂಗೀಕರಿಸುವಂತಿಲ್ಲ. ಖಾಸಗಿ ಸದಸ್ಯರ ಮಸೂದೆಗೆ ಆ ಶಿಫಾರಸು ತರುವುದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಾ?

ದಂಡ ಅಥವಾ ಪರವಾನಗಿ ಶುಲ್ಕ ಇಟ್ಟರೆ ಧನ ವಿಧೇಯಕ (ಮನಿ ಬಿಲ್) ಆಗಿಬಿಡುತ್ತದೆ ಎಂಬ ಭಯವೂ ಕೆಲವರಿಗಿದೆ. ಅಷ್ಟಕ್ಕೇ ಅದು ಧನ ವಿಧೇಯಕ ಆಗುವುದಿಲ್ಲ, 199ನೇ ಅನುಚ್ಛೇದದ 2ನೇ ಖಂಡ ಓದಿ. ಆದರೆ ತೆರಿಗೆ, ಸಾಲ, ಸಂಚಿತ ನಿಧಿಯಂಥ ವಿಷಯಗಳೇ ಮಸೂದೆಯಾದರೆ ಮಾತು ಬೇರೆ. ಧನ ವಿಧೇಯಕವನ್ನು ಪರಿಷತ್ತಿನಲ್ಲಿ ಮಂಡಿಸಲೂ ಬರುವುದಿಲ್ಲ.

ದಾರಿ ಸರಳ. ಇರುವ ಅಧಿಕಾರಿಗೆ ಕೆಲಸ ಕೊಡಿ. ಪಿಜಿ ವಿಷಯಕ್ಕೆ ಪಾಲಿಕೆಯ ಪರವಾನಗಿ ಕೊಡುವ ಅಧಿಕಾರಿ, ಮೇಲ್ಮನವಿಗೆ ಉಪವಿಭಾಗಾಧಿಕಾರಿ. ಹೊಸ ಕುರ್ಚಿ ಬೇಡ.

## ಹಂತ 4: ವಾಕ್ಯಕ್ಕೆ ಮೊದಲು ಕ್ಯಾಲೆಂಡರ್

ಇದನ್ನು ಬಿಟ್ಟುಬಿಟ್ಟವರೇ ಮೇಲೆ ಹೇಳಿದ "ಮಾಡೋದು ಯಾರಪ್ಪಾ" ಪ್ರಶ್ನೆಗೆ ಸಿಕ್ಕಿಬೀಳುವುದು.

ದೊಡ್ಡ ಹಾಳೆ ತೆಗೆದುಕೊಳ್ಳಿ. ಐದು ಕಾಲಂ ಎಳೆಯಿರಿ: ಯಾರು, ಏನು ಮಾಡಬೇಕು, ಯಾರಿಗೆ, ಎಷ್ಟು ದಿನದೊಳಗೆ, ಮಾಡದಿದ್ದರೆ ಏನು. ಈಗ ಮೊದಲ ದಿನದಿಂದ ಬರೆಯುತ್ತಾ ಹೋಗಿ. ರಮ್ಯ ರೂಮು ಖಾಲಿ ಮಾಡಿದಳು, ಇದು ಶೂನ್ಯ ದಿನ. ಹದಿನೈದನೇ ದಿನಕ್ಕೆ ಪಿಜಿಯವರು ದುಡ್ಡು ಕೊಡಬೇಕು. ಕೊಡಲಿಲ್ಲ. ಹದಿನಾರನೇ ದಿನ ರಮ್ಯ ಎಲ್ಲಿಗೆ ಹೋಗುತ್ತಾಳೆ? ಅರ್ಜಿ ಕನ್ನಡದಲ್ಲಿ ಬಿಳಿ ಹಾಳೆ ಮೇಲೆ ಕೊಟ್ಟರೆ ಸಾಕಾ? ಶುಲ್ಕ ಇದೆಯಾ? ಅಧಿಕಾರಿ ಎಷ್ಟು ದಿನದಲ್ಲಿ ನೋಟಿಸ್ ಕೊಡಬೇಕು? ಪಿಜಿಯವರು ಬರದಿದ್ದರೆ? ಅಧಿಕಾರಿಯೇ ಸುಮ್ಮನಿದ್ದರೆ?

ಆ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಮ್ಮಲ್ಲೇ ಒಂದು ಮಾದರಿ ಇದೆ, ಜನ ಸಕಾಲ ಎಂದು ಕರೆಯುವ 2011ರ ಸೇವೆಗಳ ಖಾತರಿ ಕಾಯ್ದೆ. ಅದರಲ್ಲಿ ತಡ ಮಾಡಿದ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿ, ಒಟ್ಟು 500 ರೂಪಾಯಿ ಮೀರದಂತೆ ಅರ್ಜಿದಾರನಿಗೆ ಕೊಡಿಸುವ ವ್ಯವಸ್ಥೆ ಇದೆ. ಮೊತ್ತ ಸಣ್ಣದು. ಆದರೆ ಯಾರು, ಎಷ್ಟು, ಎಂದಿನಿಂದ ಎನ್ನುವುದು ಅಲ್ಲಿ ಸ್ಪಷ್ಟ. ಆ ಕಾಯ್ದೆಯನ್ನು ಹಿಂದುಮುಂದಾಗಿ ಬಿಚ್ಚಿ, ಅದರ ಕ್ಯಾಲೆಂಡರ್ ನೀವೇ ಬರೆದು ನೋಡಿ. ಇದಕ್ಕಿಂತ ಒಳ್ಳೆ ಅಭ್ಯಾಸ ನನಗೆ ಗೊತ್ತಿಲ್ಲ.

ಹಾಳೆ ತುಂಬಿದ ಮೇಲೆ ಅದನ್ನು ಇಬ್ಬರಿಗೆ ತೋರಿಸಿ. ಒಬ್ಬರು ಪಿಜಿ ನಡೆಸುವವರು, ಇನ್ನೊಬ್ಬರು ಪಾಲಿಕೆ ಕಚೇರಿಯ ಕೇಸ್ ವರ್ಕರ್. ಪಿಜಿ ನಡೆಸುವವರನ್ನು ಶತ್ರು ಎಂದುಕೊಂಡು ಕೇಳದೆ ಬಿಟ್ಟ ತಂಡವೊಂದು ನನಗೆ ಗೊತ್ತು. ಅವರ ಡ್ರಾಫ್ಟ್ ತುಂಬ "ಮಾಲೀಕ, ಮಾಲೀಕ" ಅಂತಲೇ ಇತ್ತು. ಎಷ್ಟೋ ಪಿಜಿಗಳಲ್ಲಿ ಕಟ್ಟಡದ ಮಾಲೀಕ ಬೇರೆಲ್ಲೋ ಇರುತ್ತಾನೆ. ಕಟ್ಟಡವನ್ನು ಲೀಸಿಗೆ ಹಿಡಿದು ಪಿಜಿ ನಡೆಸುವವನು, ಠೇವಣಿ ಇಸಿದುಕೊಳ್ಳುವವನು ಇನ್ನೊಬ್ಬ. ಇಡೀ ಮಸೂದೆ ತಪ್ಪು ಮನುಷ್ಯನ ಹೆಸರಿಗೆ ಬರೆದಿತ್ತು.

## ಹಂತ 5: ಈಗ ಬರೆಯಿರಿ, ಆದರೆ ಒಂದನೇ ಪ್ರಕರಣದಿಂದಲ್ಲ

ಕಾಯ್ದೆ ಓದುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ಚಿಕ್ಕ ಹೆಸರು, ಪರಿಭಾಷೆಗಳಿಂದ ಶುರುಮಾಡಿದವರು ಮೂವತ್ತು ಪದಗಳಿಗೆ ಅರ್ಥ ಬರೆದು, ಅದರಲ್ಲಿ ಹತ್ತನ್ನು ಮುಂದೆಲ್ಲೂ ಬಳಸಿರುವುದಿಲ್ಲ. ಈ ಕ್ರಮದಲ್ಲಿ ಹೋಗಿ: ಮುಖ್ಯ ಕರ್ತವ್ಯ, ಗಡುವು, ತಪ್ಪಿದರೆ ಪರಿಣಾಮ, ಅಧಿಕಾರಿ ಮತ್ತು ಅವನ ಅಧಿಕಾರ, ಮೇಲ್ಮನವಿ, ನಿಯಮ ಮಾಡುವ ಅಧಿಕಾರ, ಹಳೆಯ ವ್ಯವಹಾರಗಳಿಗೆ ಏನು, ಆಮೇಲೆ ಪರಿಭಾಷೆ, ಕೊನೆಗೆ ಹೆಸರು ಮತ್ತು ಪ್ರಾರಂಭ.

### ಒಂದು ವಾಕ್ಯವನ್ನು ತಿದ್ದಿ ನೋಡೋಣ

ಮೊದಲ ಪ್ರಯತ್ನದಲ್ಲಿ ಸಾಮಾನ್ಯವಾಗಿ ಹೀಗೆ ಬರುತ್ತದೆ:

> ಠೇವಣಿಯನ್ನು ಸೂಕ್ತ ಸಮಯದಲ್ಲಿ ಹಿಂತಿರುಗಿಸಬೇಕು ಮತ್ತು ಅನಗತ್ಯ ಕಡಿತಗಳನ್ನು ಮಾಡಬಾರದು.

ಯಾರು ಹಿಂತಿರುಗಿಸಬೇಕು? ಇಲ್ಲ. ಸೂಕ್ತ ಅಂದರೆ ಎಷ್ಟು ದಿನ? ಇಲ್ಲ. ಅನಗತ್ಯ ಎಂದು ಹೇಳುವವರು ಯಾರು? ಇಲ್ಲ. ತಿದ್ದಿದ ಮೇಲೆ:

> 3. (1) ನಿವಾಸಿಯು ಕೊಠಡಿಯನ್ನು ತೆರವು ಮಾಡಿದ ದಿನಾಂಕದಿಂದ ಹದಿನೈದು ದಿನಗಳೊಳಗೆ ನಿರ್ವಾಹಕನು ಠೇವಣಿಯ ಮೊತ್ತವನ್ನು ನಿವಾಸಿಗೆ ಹಿಂತಿರುಗಿಸತಕ್ಕದ್ದು.
>
> (2) ನಿರ್ವಾಹಕನು ಠೇವಣಿಯಿಂದ ಈ ಮುಂದಿನವುಗಳನ್ನು ಮಾತ್ರ ಕಳೆದುಕೊಳ್ಳಬಹುದು, ಎಂದರೆ:–
>
> (ಎ) ನಿವಾಸಿಯು ಕೊಡಬೇಕಾಗಿ ಬಾಕಿ ಉಳಿದ ಶುಲ್ಕ;
>
> (ಬಿ) ನಿವಾಸಿಯು ಉಂಟುಮಾಡಿದ ಹಾನಿಯ ದುರಸ್ತಿಗೆ ತಗುಲಿದ ವೆಚ್ಚ, ಅದರ ರಸೀದಿಯ ಪ್ರತಿಯನ್ನು ನಿವಾಸಿಗೆ ಕೊಟ್ಟಿದ್ದರೆ.

ಒಂದು ವಾಕ್ಯಕ್ಕೆ ಒಬ್ಬ ಕರ್ತೃ, ಒಂದು ಕೆಲಸ. "ತಕ್ಕದ್ದು" ಎಂದರೆ ಕಡ್ಡಾಯ, "ಬಹುದು" ಎಂದರೆ ಅವನ ಇಷ್ಟ. ಈ ಎರಡರ ನಡುವೆ "ಬೇಕು", "ಕ್ರಮ ಕೈಗೊಳ್ಳಲಾಗುವುದು", "ಒತ್ತು ನೀಡಲಾಗುವುದು" ಎಂಬ ಭಾಷಣದ ಕ್ರಿಯಾಪದಗಳನ್ನು ತುರುಕಬೇಡಿ. "ಲಾಗುವುದು" ಬಂದಲ್ಲೆಲ್ಲ ಕೆಲಸ ಮಾಡುವವನು ತಪ್ಪಿಸಿಕೊಂಡಿದ್ದಾನೆ ಎಂದು ತಿಳಿಯಿರಿ. ಡ್ರಾಫ್ಟ್ ಮುಗಿದ ಮೇಲೆ ಆ ನಾಲ್ಕಕ್ಷರವನ್ನು ಸರ್ಚ್ ಮಾಡಿ ಒಂದೊಂದಾಗಿ ತೆಗೆಯಿರಿ.

### ಪರಿಭಾಷೆ

"ಎಂದರೆ" ಮತ್ತು "ಒಳಗೊಳ್ಳುತ್ತದೆ" ಒಂದೇ ಅಲ್ಲ. ಮೊದಲನೆಯದು ಬಾಗಿಲು ಮುಚ್ಚುತ್ತದೆ, ಎರಡನೆಯದು ತೆರೆದಿಡುತ್ತದೆ. ಎರಡನ್ನೂ ಒಟ್ಟಿಗೆ ಹಾಕುವ ಮೊದಲು ಎರಡು ಸಲ ಯೋಚಿಸಿ. ನಮ್ಮ ಮಸೂದೆಯಲ್ಲಿ "ನಿರ್ವಾಹಕ" ಪದಕ್ಕೆ ಅರ್ಥ ಕೊಡಲೇಬೇಕು. ಇಲ್ಲದಿದ್ದರೆ ಓದುವವರಿಗೆ ಬಸ್ ಕಂಡಕ್ಟರ್ ನೆನಪಾಗುತ್ತಾರೆ. "ಹಣ ಪಡೆದು ವಸತಿ ಒದಗಿಸುವ ವ್ಯಕ್ತಿ, ಆತನು ಕಟ್ಟಡದ ಮಾಲೀಕನಾಗಿರಲಿ ಅಥವಾ ಇಲ್ಲದಿರಲಿ" ಎಂದರೆ ಹಂತ 4ರಲ್ಲಿ ಸಿಕ್ಕ ಪಾಠ ಇಲ್ಲಿ ಕೂತಿತು.

ಪರಿಭಾಷೆಯೊಳಗೆ ಆಜ್ಞೆ ಬಚ್ಚಿಡಬೇಡಿ. "ಠೇವಣಿ ಎಂದರೆ ಎರಡು ತಿಂಗಳ ಶುಲ್ಕಕ್ಕೆ ಮೀರದ ಮೊತ್ತ" ಎಂದು ಬರೆದರೆ, ಮೂರು ತಿಂಗಳದ್ದು ಇಸಿದುಕೊಂಡವನು "ಇದು ಠೇವಣಿಯೇ ಅಲ್ಲ, ನಿಮ್ಮ ಕಾಯ್ದೆ ನನಗೆ ಅನ್ವಯಿಸುವುದಿಲ್ಲ" ಎನ್ನುತ್ತಾನೆ. ಮಿತಿಗೆ ಪ್ರತ್ಯೇಕ ಪ್ರಕರಣ ಬೇಕು.

### ಶಿಕ್ಷೆ

ಎಲ್ಲದಕ್ಕೂ ಮೂರು ವರ್ಷ ಜೈಲು ಬರೆಯುವ ಚಟ ಬಿಡಿ. ಎಂಟು ಸಾವಿರ ರೂಪಾಯಿಗೆ ಜೈಲು ಅಂದರೆ ಪೊಲೀಸ್ ಠಾಣೆ, ಕೋರ್ಟು, ಜಾಮೀನು. ರಮ್ಯಾಳ ದುಡ್ಡು ಮಾತ್ರ ಅಲ್ಲೇ ಇರುತ್ತದೆ. ಅಧಿಕಾರಿಯೇ ವಿಧಿಸಬಹುದಾದ ದಂಡ, ತಡವಾದ ದಿನಗಳಿಗೆ ಬಡ್ಡಿ, ಮೊಂಡು ಹಿಡಿದರೆ ಪರವಾನಗಿ ಅಮಾನತು. ಇದು ಕೆಲಸ ಮಾಡುತ್ತದೆ. ಅಪರಾಧ ಎಂದು ಬರೆಯಲೇಬೇಕಾದರೆ ಪದಗಳು ಬಿಗಿಯಾಗಿರಲಿ. ಆನ್‌ಲೈನ್ ಸಂದೇಶಗಳನ್ನು ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಪ್ರಕರಣ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದಕ್ಕೆ ಅದರ ಅಸ್ಪಷ್ಟ ಪದಗಳೂ ಒಂದು ಕಾರಣ.

### ಹಳೆಯ ಠೇವಣಿಗಳು

ಕಾಯ್ದೆ ಬರುವ ಮೊದಲೇ ಕೊಟ್ಟ ಠೇವಣಿಗೆ ಇದು ಅನ್ವಯಿಸುತ್ತದಾ? ಬರೆಯದಿದ್ದರೆ ಮೊದಲ ವ್ಯಾಜ್ಯ ಇದರ ಮೇಲೇ. ಕಾಯ್ದೆ ಬಂದ ನಂತರ ತೆರವಾಗುವ ಎಲ್ಲ ಕೊಠಡಿಗಳಿಗೂ ಗಡುವು ಅನ್ವಯ ಎಂದು ಸ್ಪಷ್ಟವಾಗಿ ಹೇಳಬಹುದು. ದಂಡನೆಯನ್ನು ಮಾತ್ರ ಹಿಂದಿನ ದಿನಗಳಿಗೆ ಎಳೆಯಬೇಡಿ, ಅಪರಾಧದ ವಿಷಯದಲ್ಲಿ 20ನೇ ಅನುಚ್ಛೇದದ 1ನೇ ಖಂಡ ಅದಕ್ಕೆ ಬಿಡುವುದಿಲ್ಲ.

ನಿಯಮ ಮಾಡುವ ಅಧಿಕಾರದಲ್ಲಿ ಅರ್ಜಿ ನಮೂನೆ, ಶುಲ್ಕ, ರಿಜಿಸ್ಟರ್ ಇಂಥವನ್ನು ಸರ್ಕಾರಕ್ಕೆ ಬಿಡಿ. ಮೂಲ ನೀತಿಯನ್ನು ಬಿಡುವಂತಿಲ್ಲ. ಮಾಡಿದ ನಿಯಮಗಳನ್ನು ಸದನದ ಮುಂದಿಡಬೇಕು ಎಂಬ ಪ್ರಕರಣವನ್ನು ಸರ್ಕಾರಿ ಮಸೂದೆಗಳಲ್ಲಿ ಇರುವ ಹಾಗೇ ತೆಗೆದುಕೊಳ್ಳಿ.

## ಹಂತ 6: ಎರಡು ಭಾಷೆಯಲ್ಲಿ ಒಟ್ಟಿಗೆ ನಡೆಯಿರಿ

ಇಂಗ್ಲಿಷಿನಲ್ಲಿ ಪೂರ್ತಿ ಮುಗಿಸಿ, ಕೊನೆಯ ರಾತ್ರಿ ಕನ್ನಡಕ್ಕೆ ತಿರುಗಿಸುವುದು ನಮ್ಮ ಕಾಲೇಜುಗಳ ರೂಢಿ. ಫಲ: ಕನ್ನಡ ಪಠ್ಯ ಯಾರಿಗೂ ಅರ್ಥವಾಗುವುದಿಲ್ಲ. ಸದನದಲ್ಲಿ ಓದುವುದು ಅದನ್ನೇ. 348ನೇ ಅನುಚ್ಛೇದದ 3ನೇ ಖಂಡವನ್ನು ಒಮ್ಮೆ ಓದಿ. ಇಂಗ್ಲಿಷ್ ಪಠ್ಯಕ್ಕೆ ಕೋರ್ಟಿನಲ್ಲಿ ಯಾಕೆ ಅಷ್ಟು ತೂಕ ಬರುತ್ತದೆ ಎಂದು ಗೊತ್ತಾಗುತ್ತದೆ. ಎರಡರ ನಡುವೆ ಬಿರುಕು ಬಿದ್ದರೆ ವಕೀಲರಿಗೆ ಹಬ್ಬ.

ಪ್ರತಿ ಉಪಪ್ರಕರಣವನ್ನೂ ಎರಡೂ ಭಾಷೆಯಲ್ಲಿ ಒಂದೇ ದಿನ ಬರೆಯಿರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಾಲ್ಕು ಷರತ್ತು ಸೇರಿಸಿದರೆ ಓದುವವನು ಕೊನೆ ಮುಟ್ಟುವಷ್ಟರಲ್ಲಿ ಶುರುವನ್ನು ಮರೆತಿರುತ್ತಾನೆ. ಕನ್ನಡದಲ್ಲಿ ಉಸಿರುಗಟ್ಟಿದ ವಾಕ್ಯವನ್ನು ಒಡೆದರೆ ಇಂಗ್ಲಿಷ್ ವಾಕ್ಯವೂ ಸರಿಹೋಗುತ್ತದೆ. ನನ್ನ ಅನುಭವದಲ್ಲಿ ಕನ್ನಡವೇ ಒಳ್ಳೆಯ ಜರಡಿ.

ಪರೀಕ್ಷೆ ಹೀಗೆ: ಕನ್ನಡ ಪಠ್ಯ ಮಾತ್ರ ನೋಡಿದ ಗೆಳೆಯನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬಿಡಿ. "ಮತ್ತು" ಇದ್ದಲ್ಲಿ "ಅಥವಾ" ಬಂದರೆ, ದಿನಗಳ ಲೆಕ್ಕ ಬದಲಾದರೆ, ಅಲ್ಲಿಗೆ ವಾಪಸ್ ಹೋಗಿ. ಪದಗಳಲ್ಲೂ ಒಂದೇ ದಾರಿ ಹಿಡಿಯಿರಿ. ಒಂದು ಕಡೆ "ನಿವಾಸಿ", ಇನ್ನೊಂದು ಕಡೆ "ವಾಸಿಸುವವರು", ಮತ್ತೊಂದು ಕಡೆ "ಅತಿಥಿ" ಎಂದರೆ ಕೋರ್ಟು ಮೂವರನ್ನು ಹುಡುಕುತ್ತದೆ. ಪ್ರಬಂಧದಲ್ಲಿ ಪದ ಬದಲಿಸುವುದು ಸೊಗಸು, ಇಲ್ಲಿ ಅದು ದೋಷ.

## ಹಂತ 7: ಲಗತ್ತುಗಳು

ಉದ್ದೇಶ ಮತ್ತು ಕಾರಣಗಳ ಹೇಳಿಕೆ ಒಂದು ಪುಟ ಮೀರದಿರಲಿ. ಅದರಲ್ಲಿ ಭಾಷಣ ಬೇಡ, ಗಾಂಧಿ, ಬಸವಣ್ಣನವರ ಉಕ್ತಿಗಳೂ ಬೇಡ. ಸಮಸ್ಯೆ, ಈಗಿನ ಕಾನೂನಿನ ಕೊರತೆ, ಮಸೂದೆ ಮಾಡುವ ಕೆಲಸ, ಅಷ್ಟೇ. ಖರ್ಚು ಇದ್ದರೆ ಆರ್ಥಿಕ ಜ್ಞಾಪನ ಪತ್ರ, ನಿಯಮ ಮಾಡುವ ಅಧಿಕಾರ ಇದ್ದರೆ ಅದಕ್ಕೊಂದು ಜ್ಞಾಪನ ಪತ್ರ, ತಿದ್ದುಪಡಿ ಮಸೂದೆಯಾದರೆ ಮೂಲ ಪ್ರಕರಣಗಳ ಪ್ರತಿ.

ಅಧಿನಿಯಮಿತ ವಾಕ್ಯದಲ್ಲಿ, ಅಂದರೆ ವಿಧಾನಮಂಡಲ ಈ ಕಾಯ್ದೆ ಮಾಡುತ್ತಿದೆ ಎಂದು ಸಾರುವ ಆರಂಭದ ವಾಕ್ಯದಲ್ಲಿ, ಗಣರಾಜ್ಯದ ವರ್ಷ ಬರೆಯುವಾಗ ಎಡವುತ್ತಾರೆ. ಎಣಿಕೆ 1950ರ ಜನವರಿ 26ರಿಂದ. 2026ರ ಜನವರಿ 25ರವರೆಗೆ 76ನೇ ವರ್ಷ, ಮರುದಿನದಿಂದ 77ನೇ ವರ್ಷ. ಹಳೆಯ ಮಸೂದೆಯಿಂದ ಕಾಪಿ ಮಾಡಿದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ನೋಟಿಸ್ ಎಷ್ಟು ದಿನ ಮೊದಲು ಕೊಡಬೇಕು, ಎಷ್ಟು ಪ್ರತಿ ಬೇಕು, ಯಾವ ದಿನ ಖಾಸಗಿ ಕಲಾಪ ಎನ್ನುವುದನ್ನು ನಿಮ್ಮ ಸದನದ ನಿಯಮ ಪುಸ್ತಕದಲ್ಲಿ ನೋಡಿ, ಸಚಿವಾಲಯದ ಶಾಖೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದರೆ ಓಡಾಟ, ಪ್ರಿಂಟಿಂಗ್ ಎಲ್ಲಕ್ಕೂ ಒಂದು ವಾರ ಜಾಸ್ತಿ ಹಿಡಿದುಕೊಳ್ಳಿ.

## ಹಂತ 8: ಶಾಸಕರ ಎದುರು ಜೋರಾಗಿ ಓದಿ

ಇಮೇಲ್ ಮಾಡಿ "ದಯವಿಟ್ಟು ಪರಿಶೀಲಿಸಿ ಸರ್" ಎಂದರೆ ಯಾರೂ ಓದುವುದಿಲ್ಲ. ಒಂದು ಗಂಟೆ ಸಮಯ ಕೇಳಿ, ಶಾಸಕರ ಭವನದ ಕೊಠಡಿಯಲ್ಲೋ ಅವರ ಮನೆಯಲ್ಲೋ ಕೂತು ಪ್ರಕರಣವಾರು ಓದಿ ಹೇಳಿ. ಅವರು ತಡೆದು ಪ್ರಶ್ನೆ ಕೇಳಿದ ಜಾಗಕ್ಕೆಲ್ಲ ಗುರುತು ಹಾಕಿ. ಸದನದಲ್ಲೂ ಪ್ರಶ್ನೆ ಬರುವುದು ಅಲ್ಲೇ. ಜೊತೆಗೆ ಒಂದು ಪುಟದ ಟಿಪ್ಪಣಿ ಕೊಡಿ: ಎದುರಿನವರು ಕೇಳಬಹುದಾದ ಮೂರು ಕಠಿಣ ಪ್ರಶ್ನೆ, ಅವಕ್ಕೆ ಉತ್ತರ.

ಶಾಸಕರು ರಾಜಕೀಯ ಕಾರಣಕ್ಕೆ ಏನನ್ನಾದರೂ ತೆಗೆಯಿರಿ ಎನ್ನಬಹುದು. ತೆಗೆದರೆ ಕ್ಯಾಲೆಂಡರಿನ ಯಾವ ಸಾಲು ಖಾಲಿ ಬೀಳುತ್ತದೆ ಎಂದು ಹಾಳೆ ತೋರಿಸಿ ಹೇಳಿ. ಆಮೇಲೂ ತೆಗೆಯಿರಿ ಎಂದರೆ ತೆಗೆಯಿರಿ. ಮಸೂದೆ ಅವರದ್ದು. ಯಾವುದೋ ಉದ್ಯಮದವರು ಬರೆದುಕೊಟ್ಟ ಪ್ರಕರಣವನ್ನು ಸೇರಿಸಲು ಹೇಳಿದರೆ ಮಾತ್ರ ಅದು ಎಲ್ಲಿಂದ ಬಂತು ಎಂದು ಟಿಪ್ಪಣಿಯಲ್ಲಿ ದಾಖಲಿಸಿ.

ಮುಂದೆ ಏನಾಗಬಹುದು ಎನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಸಂಸತ್ತಿನಲ್ಲಿ ಇಲ್ಲಿಯವರೆಗೆ ಕಾಯ್ದೆಯಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ. ರಾಜ್ಯದಲ್ಲೂ ಸಚಿವರು "ಸರ್ಕಾರ ಇದನ್ನು ಪರಿಶೀಲಿಸುತ್ತಿದೆ, ಮಾನ್ಯ ಸದಸ್ಯರು ಹಿಂಪಡೆಯಬೇಕು" ಎನ್ನುವ ಸಾಧ್ಯತೆಯೇ ಜಾಸ್ತಿ. ಆಗ ಹಿಂಪಡೆಯುವುದಾ, ಲಿಖಿತ ಭರವಸೆ ಕೇಳುವುದಾ, ಮತಕ್ಕೆ ಹಾಕಿಸುವುದಾ? ಸದನದ ಮಧ್ಯೆ ಯೋಚಿಸಲು ಸಮಯ ಇರುವುದಿಲ್ಲ. ನನ್ನ ಸಲಹೆ: ಗಡುವು ಇರುವ ಭರವಸೆ ಕೇಳಿ. ಅದು ಕಡತಕ್ಕೆ ಹೋದರೆ ಮುಂದಿನ ಅಧಿವೇಶನದಲ್ಲಿ ಅದರ ಮೇಲೆ ಪ್ರಶ್ನೆ ಹಾಕಬಹುದು.

ಇನ್ನೊಂದು ಲೆಕ್ಕಾಚಾರ: ವಿಧಾನಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇರುವ ಮಸೂದೆ ಬಿದ್ದುಹೋಗುತ್ತದೆ. ಪರಿಷತ್ತಿನಲ್ಲಿ ಬಾಕಿ ಇದ್ದು, ವಿಧಾನಸಭೆ ಇನ್ನೂ ಅಂಗೀಕರಿಸದ ಮಸೂದೆ ಬೀಳುವುದಿಲ್ಲ. 196ನೇ ಅನುಚ್ಛೇದ ನೋಡಿ. ಚುನಾವಣೆ ಹತ್ತಿರ ಇದ್ದಾಗ ಯಾವ ಸದನದವರ ಬಳಿ ಹೋಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ ಫೈಲಿನ ಶಿಸ್ತು. ಮೂಲ ಪ್ರತಿ ಒಬ್ಬರ ಕೈಯಲ್ಲೇ ಇರಲಿ, ಹೆಸರಿನಲ್ಲಿ ತಾರೀಕು ಇರಲಿ. "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಎಂಬ ಮೂರು ಫೈಲಿನಲ್ಲಿ ತಪ್ಪಾದದ್ದು ಸಚಿವಾಲಯಕ್ಕೆ ಹೋದದ್ದನ್ನು ನೋಡಿದ್ದೇನೆ. ನೋಟಿಸ್ ಸಲ್ಲಿಸುವ ದಿನ ಪಿಎ ಅವರ ಜೊತೆ ನೀವೂ ಹೋಗಿ. ಪ್ರತಿ ಪುಟದಲ್ಲಿ ಶಾಸಕರ ಸಹಿ ಇದೆಯಾ, ಕನ್ನಡ ಮತ್ತು ಇಂಗ್ಲಿಷ್ ಪ್ರತಿಯ ಪ್ರಕರಣ ಸಂಖ್ಯೆ ತಾಳೆಯಾಗುತ್ತದಾ ಎಂದು ಕೌಂಟರಿನ ಮುಂದೆಯೇ ಇನ್ನೊಮ್ಮೆ ನೋಡಿ. ಸ್ವೀಕೃತಿ ಸೀಲು ಬಿದ್ದ ಪ್ರತಿಯ ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ಪಿಎ ಅವರಿಗೆ ಕೊಡಿ, ಒಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.